ಸಕ್ಕರೆಯ ಅಳತೆ, ಮನಸ್ಸಿನ ಅಳತೆ

ಸಕ್ಕರೆ ಕಾಯಿಲೆಯ ಚರಿತ್ರೆ ಬಹುಪಾಲು ಅದನ್ನು ಅಳೆದ ಚರಿತ್ರೆಯೇ. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಪರೀಕ್ಷೆಯನ್ನೇ ವೈದ್ಯರು ದಶಕಗಳ ಕಾಲ ನೆಚ್ಚಿಕೊಂಡಿದ್ದರು. ಗಾಜಿನ ನಳಿಗೆಯಲ್ಲಿ 5 ಎಂಎಲ್ ನೀಲಿ ದ್ರಾವಣ, ಅದಕ್ಕೆ 8 ಹನಿ ಮೂತ್ರ, ಆಮೇಲೆ ಕುದಿಸುವುದು. ನೀಲಿ ಉಳಿದರೆ ಸಕ್ಕರೆ ಇಲ್ಲ; ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಕೆಂಪಿಗೆ ತಿರುಗಿದರೆ ವಿಪರೀತ ಸಕ್ಕರೆ. ಮುಂದೆ ಬಣ್ಣ ತೋರುವ ಪಟ್ಟಿ ಬಂತು, ಗ್ಲೂಕೋಮೀಟರ್ ಬಂತು. ಈಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಮನೆಯಲ್ಲೇ ಬೆರಳು ಚುಚ್ಚಿಕೊಂಡು ಶುಗರ್ ನೋಡಿಕೊಳ್ಳಬಹುದು. ಅಳತೆ ಸರಳವಾಗಿ ತಜ್ಞರ ಕೈ ದಾಟಿದ್ದರಿಂದಲೇ ಅದು ಊರೂರು ತಲುಪಿತು. ಅದೇ ರೋಗಿಯ ಮನಸ್ಸಿನ ಅಳತೆಯೂ ಹೀಗೆ ದಾಟಿ ಬರಬೇಕು ಎಂಬುದು ನನ್ನ ವಾದ.

ಅದಕ್ಕೆ ಬೇಕಾದ ಸಾಧನ ಸಿದ್ಧವಾಗಿದೆ. 1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟ್‌ನಲ್ಲಿ ಹೊರಟ ಘೋಷಣೆಯ ನಂತರ ಮಧುಮೇಹಿಗಳ ನೆಮ್ಮದಿಯೂ ಚಿಕಿತ್ಸೆಯ ಗುರಿಗಳಲ್ಲಿ ಸೇರಿತು. 1995ರಲ್ಲಿ ಬಾಸ್ಟನ್‌ನ ಜಾಸ್ಲಿನ್ ಕೇಂದ್ರದಿಂದ 20 ಪ್ರಶ್ನೆಗಳ 'ಪೇಯ್ಡ್' ಮಾಪಕ ಬಂತು. ಕಾಯಿಲೆಯೇ ತಂದೊಡ್ಡುವ ಸಂಕಟವನ್ನು ಅದು ಹುಡುಕುತ್ತದೆ. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಮಾಪಕ ಬಂತು. ಕಳೆದ ಎರಡು ವಾರ ಮನಸ್ಸು ಹೇಗಿತ್ತು, ನಿದ್ದೆಯಿಂದ ಎದ್ದಾಗ ಹಗುರವಿತ್ತೇ ಎಂಬಂಥ ಪ್ರಶ್ನೆಗಳಿಗೆ ತಲಾ 0ಯಿಂದ 5 ಅಂಕ. ಒಟ್ಟನ್ನು 4ರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಎಂದು ಸಿಗುತ್ತದೆ. 50ಕ್ಕೆ ಇಳಿದರೆ ಇನ್ನಷ್ಟು ವಿಚಾರಿಸಬೇಕೆಂದು ಅರ್ಥ.

ಸಾಲ, ಆಲೂಗಡ್ಡೆಯ ರೇಟು, ಮಳೆಯ ಚಿಂತೆ ಇರುವ ರೈತನ ದುಃಖಕ್ಕೆ ಶುಗರನ್ನು ದೂರುವುದೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಐದು ಪ್ರಶ್ನೆಗಳು ಕಾರಣವನ್ನು ತೀರ್ಮಾನಿಸುವುದಿಲ್ಲ, ನೋವಿದೆಯೆಂದಷ್ಟೇ ತಿಳಿಸುತ್ತವೆ. ಸಾಲದಿಂದ ಕುಗ್ಗಿದವನಿಗೂ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವುದು, ಪಥ್ಯ ಹಿಡಿಯುವುದು ಕಷ್ಟವೇ. ಮೇಲಾಗಿ ಕಾಯಿಲೆಗೆ ಅದರದೇ ಭಾರವಿದೆ: ಬೀಗರೂಟದ ಪಂಕ್ತಿಯಲ್ಲಿ ಹೋಳಿಗೆಗೆ ಕೈ ಅಡ್ಡ ಹಿಡಿಯಬೇಕು, ಮನೆಮಂದಿಯೆಲ್ಲ ಉಣ್ಣುವ ಮುದ್ದೆಯ ಗಾತ್ರವನ್ನು ತಾನೊಬ್ಬನೇ ಲೆಕ್ಕ ಹಾಕಬೇಕು. 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಮಧುಮೇಹಿಗಳಲ್ಲಿ ಖಿನ್ನತೆಯ ಸಾಧ್ಯತೆ ಉಳಿದವರಿಗಿಂತ ಸುಮಾರು ಇಮ್ಮಡಿ ಎಂದು ಕಂಡುಬಂತು. 2023ರ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರ ನೋವನ್ನು ಪಕ್ಕಕ್ಕಿಡಲಾಗದು.

ಮನೋವೈದ್ಯರು ಎಲ್ಲಿದ್ದಾರೆ ಎಂಬುದು ಮುಂದಿನ ಆಕ್ಷೇಪ. ಇದಕ್ಕೆ ಕರ್ನಾಟಕವೇ ಉತ್ತರ ಕೊಟ್ಟಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆ ತಜ್ಞರ ಕೋಣೆಯ ಹೊರಗೂ ನಡೆಯಬಲ್ಲದೆಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಮುಂದೆ ರಾಜ್ಯದ ಮನೋಚೈತನ್ಯ ಕಾರ್ಯಕ್ರಮವು ಮಂಗಳವಾರದ ಕ್ಲಿನಿಕ್‌ಗಳ ಮೂಲಕ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಿತು. ಐದು ಪ್ರಶ್ನೆ ಕೇಳಲು ನರ್ಸ್ ಸಾಕು, ಓದು ಬಾರದವರಿಗೆ ಆಶಾ ಕಾರ್ಯಕರ್ತೆ ಬಾಯಲ್ಲೇ ಕೇಳಬಹುದು. ಅಂಕ ಕುಸಿದವರನ್ನಷ್ಟೇ ತಜ್ಞರತ್ತ ಕಳಿಸಿದರಾಯಿತು. ಮನಸ್ಸನ್ನು ಅಂಕಿಯಲ್ಲಿ ಹಿಡಿಯಲಾಗದೆನ್ನುವವರ ಮಾತೂ ನಿಜವೇ. ಆದರೆ ಬೆನೆಡಿಕ್ಟನ ಬಣ್ಣವೂ ರೋಗವನ್ನು ಪೂರ್ತಿ ಹೇಳುತ್ತಿರಲಿಲ್ಲ. ಎಲ್ಲಿ ನೋಡಬೇಕೆಂದು ಹೇಳುತ್ತಿತ್ತು. 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಕಾಲೇಜುಗಳು ಈ ಪ್ರಶ್ನೆಗಳನ್ನು ಇಲ್ಲಿನ ಆಡುಮಾತಿನಲ್ಲಿ ಪರೀಕ್ಷಿಸಿ ಒಪ್ಪಿಸಲಿ. ಆಮೇಲೆ ರೋಗಿಯ ಪುಸ್ತಕದಲ್ಲಿ ಶುಗರ್ ಬರೆಯುವ ಸಾಲಿನಲ್ಲೇ ಆ ಅಂಕವನ್ನೂ ಬರೆಯುವುದು ಕಡ್ಡಾಯವಾಗಬೇಕು.