ಲಿನಕ್ಸ್ ಮತ್ತು ಪೇಟೆಂಟಿನ ಭೀತಿ

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ತಂಬ್ರಹಳ್ಳಿಯಂಥ ಊರಿನ ಶಾಲೆಯೂ ಪರವಾನಗಿ ಶುಲ್ಕವಿಲ್ಲದೆ ಅದನ್ನು ಗಣಕಯಂತ್ರಕ್ಕೆ ಅಳವಡಿಸಿಕೊಳ್ಳಬಹುದು. ಈ ಸೌಲಭ್ಯಕ್ಕೆ ಕುತ್ತು ಬಂದದ್ದು ಪೇಟೆಂಟಿನಿಂದ. ಕೃತಿಸ್ವಾಮ್ಯ ಬರೆದ ಸಾಲುಗಳನ್ನು ಕಾಯುತ್ತದೆ. ಪೇಟೆಂಟ್ ವಿಧಾನವನ್ನೇ ಕಾಯುತ್ತದೆ. ಸ್ವತಂತ್ರವಾಗಿ ಬರೆದವರೂ ಅದಕ್ಕೆ ಸಿಕ್ಕಿಬೀಳಬಹುದು.

2007ರಲ್ಲಿ ಮೈಕ್ರೋಸಾಫ್ಟ್, ಮುಕ್ತ ತಂತ್ರಾಂಶಗಳು ತನ್ನ 235 ಪೇಟೆಂಟುಗಳನ್ನು ಉಲ್ಲಂಘಿಸಿವೆ ಎಂದಿತು. ಪಟ್ಟಿಯನ್ನು ಮಾತ್ರ ಪ್ರಕಟಿಸಲಿಲ್ಲ. 2018ರಲ್ಲಿ ಅದೇ ಸಂಸ್ಥೆ ಲಿನಕ್ಸ್ ರಕ್ಷಣೆಯ ಪೇಟೆಂಟ್ ಒಕ್ಕೂಟವನ್ನು ಸೇರಿತು.

ಭಾರತದಲ್ಲಿ 2002ರ ತಿದ್ದುಪಡಿ ಕಾಯ್ದೆ, ಗಣಕ ಕ್ರಮವಿಧಿಗೆ ‘ತನ್ನಷ್ಟಕ್ಕೇ’ ಪೇಟೆಂಟ್ ಸಲ್ಲದೆಂದಿತ್ತು. 2004ರ ಡಿಸೆಂಬರಿನ ಸುಗ್ರೀವಾಜ್ಞೆ, ಯಂತ್ರಾಂಶದೊಡನೆ ಕೂಡಿದ ತಂತ್ರಾಂಶಕ್ಕೆ ಅವಕಾಶ ಕೊಟ್ಟಿತು. 2005ರ ಮಾರ್ಚಿನಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ಆದರೂ ‘ತನ್ನಷ್ಟಕ್ಕೇ’ ಎಂಬ ಒಂದು ಪದದ ಅರ್ಥಕ್ಕಾಗಿ ನ್ಯಾಯಾಲಯಗಳಲ್ಲಿ ವಾದ ನಡೆದಿದೆ. ಶಾಲೆಯ ಗಣಕದ ಸ್ವಾತಂತ್ರ್ಯ ನಿಂತಿರುವುದೂ ಆ ಪದದ ಮೇಲೆಯೇ.