ಅರುಕಾ ಮತ್ತು ಜೀರ್ಣೋದ್ಧಾರ

ನಮ್ಮ ಪ್ರಾಚೀನ ದಾನಶಾಸನಗಳಲ್ಲಿ ದೇವರ ಅರ್ಚನೆ, ಋಷಿಗಳ ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು, ಸವೆದುದನ್ನು ಮೇಲೆತ್ತುವ ಸಲುವಾಗಿ ಭೂಮಿ ಬಿಟ್ಟರೆಂದು ಅರ್ಥ. ‘ಸ್ಫುಟಿತ’ವು ಶಿಲ್ಪಿಯೊಬ್ಬನದೇ ಶಬ್ದವಲ್ಲ, ಸುಶ್ರುತಸಂಹಿತೆಯಲ್ಲಿ ಎಲುಬಿನ ಮುರಿತದ ಒಂದು ಬಗೆಗೂ ಅದೇ ಹೆಸರು. ಕಟ್ಟಡವನ್ನು ಶರೀರದಂತೆ ಕಾಣುವ ಈ ದೃಷ್ಟಿ ನಮ್ಮದೊಂದೇ ಅಲ್ಲವೆಂಬುದು ಬೈಬಲಿನ ಹೀಬ್ರೂ ಶಬ್ದವೊಂದರ ಅರ್ಥವನ್ನು ನಿಘಂಟಿನಲ್ಲಿ ಹುಡುಕುವಾಗ ನನಗೆ ತಿಳಿಯಿತು.

ಆ ಶಬ್ದ ‘ಅರುಕಾ’. ಯೆರೆಮೀಯನ ಗ್ರಂಥದಲ್ಲಿ ಅದು ಗಾಯ ಮಾಯುವುದನ್ನು ಹೇಳುತ್ತದೆ. ನೆಹೆಮೀಯನ ಗ್ರಂಥದಲ್ಲಿ ಯೆರೂಸಲೇಮಿನ ಬಿದ್ದ ಗೋಡೆಗಳ ದುರಸ್ತಿಯನ್ನು. ಆ ಭಾಷೆಯಲ್ಲಿ ಅರುಕಾ ‘ಏರುತ್ತದೆ’, ಗಾಯದ ತಳದಿಂದ ಹೊಸ ಮಾಂಸ ಮೇಲೇರುವಂತೆ. ನಮ್ಮ ‘ಉದ್ಧಾರ’ದಲ್ಲಿಯೂ ಮೇಲೆತ್ತುವ ಅರ್ಥವೇ ಇದೆಯಲ್ಲವೆ?

ಕ್ರಿ.ಪೂ. 9ನೆಯ ಶತಮಾನದ ಯೋವಾಷ ಅರಸನ ಕಥೆಯಲ್ಲಿ ಈ ಶಬ್ದ ದೇವಾಲಯಕ್ಕೇ ಸಲ್ಲುತ್ತದೆ. ಅರಸನು ಹಣ ಕೂಡಿಸಲು ಯಾಜಕರಿಗೆ ಆಜ್ಞಾಪಿಸಿದನು. ಅವನ ಆಳ್ವಿಕೆಯ 23ನೆಯ ವರ್ಷವಾದರೂ ಬಿರುಕುಗಳು ಹಾಗೆಯೇ ಉಳಿದಿದ್ದವು. ಆಗ ಮುಚ್ಚಳದಲ್ಲಿ ರಂಧ್ರವಿದ್ದ ಪೆಟ್ಟಿಗೆಯೊಂದನ್ನು ಇಡಿಸಲಾಯಿತು. ಕೂಡಿದ ಹಣವನ್ನು ಎಣಿಸಿ ಬಡಗಿ, ಕಲ್ಲುಕುಟಿಗರ ಕೆಲಸಕ್ಕೆ ಕೊಡಲಾಯಿತು. (ವ್ಯಾಪಾರಿಯಾದ ನನಗೆ ರುಚಿಸಿದ ಭಾಗವಿದು.) ಕೆಲಸದಲ್ಲಿ ಅರುಕಾ ಏರಿತು, ಮಂದಿರವು ಅದರ ಮೊದಲಿನ ಅಳತೆಗೆ ಬಂದಿತು ಎಂದು ಪೂರ್ವಕಾಲವೃತ್ತಾಂತವು ಹೇಳುತ್ತದೆ. ಮೊದಲಿನ ಅಳತೆಗೆ ಎಂಬುದನ್ನು ಗಮನಿಸಬೇಕು.

ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿದನೆಂದು ಶ್ರವಣಬೆಳಗೊಳದ ಶಾಸನಗಳು ಕೊಂಡಾಡುತ್ತವೆ. 1118ರಲ್ಲಿ ಅರಸನಿಂದ ಪಡೆದ ಗ್ರಾಮವನ್ನು ಕೂಡ ಅವನು ಬಸದಿಗಳಿಗೇ ಬಿಟ್ಟನು. ನಮ್ಮ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಆ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಇಂದು ನಾವು ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಕಲ್ಲನ್ನು ಕೆಡವಿ ಅಮೃತಶಿಲೆ ತರಿಸುತ್ತೇವೆ. ರೋಗಿಯನ್ನು ಕಳೆದು ಬೇರೊಬ್ಬನನ್ನು ಮಲಗಿಸುವುದು ಚಿಕಿತ್ಸೆಯೆ?

ಇದನ್ನು ಕೇಳುವ ಅಧಿಕಾರ ನನಗೆ ಪೂರ್ಣವಾಗಿಲ್ಲ. ಜಿಲ್ಲೆಯ ಒಂದು ಚಿಕ್ಕ ಬಸದಿಯ ಸಮಿತಿಗೆ ನಾನು ಕೋಶಾಧ್ಯಕ್ಷನಾಗಿದ್ದಾಗ ನವರಂಗಕ್ಕೆಲ್ಲ ಎಣ್ಣೆಬಣ್ಣ ಬಳಿಸಿದೆವು. ಕಂಬದ ಮೇಲೆ ಆರೇಳು ಸಾಲಿನ ಶಾಸನವಿತ್ತು, ಅದೂ ಮುಚ್ಚಿಹೋಯಿತು. ಬಿಲ್ಲಿಗೆ ಸಹಿ ನನ್ನದೇ. ಕಲ್ಲಿಗೆ ನೋವಾಗದಂತೆ ಆ ಬಣ್ಣ ತೆಗೆಸಲು ಬಳಿಸಿದ್ದಕ್ಕಿಂತ ಹೆಚ್ಚು ಹಣ ಬೇಕೆಂದು ತಿಳಿದವರು ಹೇಳಿದ್ದಾರೆ. ಮುಂದಿನ ಸಭೆಗೆ ವಿಷಯವನ್ನು ಕಳುಹಿಸಿ, ಮೊದಲ ಕಂತನ್ನು ನನ್ನ ಹೆಸರಿನಲ್ಲಿ ಬರೆಸಿದ್ದೇನೆ.