ಅರ್ಧ ವರ್ಷ ಮೈದಾನ, ಅರ್ಧ ವರ್ಷ ಗಣಿತ

ಫ್ರ್ಯಾಂಕ್ ರಯಾನ್ 1936ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದರು. ಹ್ಯೂಸ್ಟನ್‌ನ ರೈಸ್ ವಿದ್ಯಾಸಂಸ್ಥೆಯಲ್ಲಿ ಭೌತವಿಜ್ಞಾನ ಓದುತ್ತಲೇ ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ಆಡಿದರು. ಈ ಫುಟ್‌ಬಾಲ್ ನಮ್ಮಲ್ಲಿ ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ ಅಮೆರಿಕದ ಆಟ. ಅದರಲ್ಲಿ ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಎದುರಾಳಿಗಳು ಮೈಮೇಲೆ ಬೀಳುವ ಮೊದಲು, ಕೆಲವೇ ಸೆಕೆಂಡುಗಳಲ್ಲಿ, ಚೆಂಡು ಯಾರಿಗೆ ಹೋಗಬೇಕೆಂದು ಅವನು ತೀರ್ಮಾನಿಸಬೇಕು. ರಯಾನ್ ಆಡುತ್ತಿದ್ದುದು ಆ ಸ್ಥಾನದಲ್ಲಿ. 1958ರಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಅದೇ ಕಾಲೇಜಿನ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಕಿಂಗ್ ಹಿಲ್ ಎಲ್ಲರಿಗಿಂತ ಮೊದಲು ಆಯ್ಕೆಯಾದರು. ಐದನೆಯ ಸುತ್ತಿನವರೆಗೆ ಕಾದ ರಯಾನ್ ಲಾಸ್ ಏಂಜಲೀಸ್‌ನ ರ‍್ಯಾಮ್ಸ್ ತಂಡ ಸೇರಿದರು.

ವೃತ್ತಿಪರ ಫುಟ್‌ಬಾಲ್ ಆಗ ವರ್ಷವಿಡೀ ನಡೆಯುವ ಉದ್ಯೋಗವಾಗಿರಲಿಲ್ಲ. ಬೇಸಿಗೆಯಲ್ಲಿ ಅಭ್ಯಾಸ ಶಿಬಿರ ಶುರುವಾದರೆ ವರ್ಷಾಂತ್ಯಕ್ಕೆ ಪಂದ್ಯಗಳು ಮುಗಿಯುತ್ತಿದ್ದವು. ಸಂಬಳ ಸಾಲದೆ ಎಷ್ಟೋ ಆಟಗಾರರು ಉಳಿದ ತಿಂಗಳುಗಳಲ್ಲಿ ಬೇರೆ ಕೆಲಸ ಹಿಡಿಯುತ್ತಿದ್ದರು. ರಯಾನ್ ಆ ತಿಂಗಳುಗಳನ್ನು ಗಣಿತಕ್ಕೆ ಕೊಟ್ಟರು. ರೈಸ್‌ನಲ್ಲಿ ಜಿ. ಆರ್. ಮ್ಯಾಕ್ಲೇನ್ ಅವರ ಮಾರ್ಗದರ್ಶನದಲ್ಲಿ ಆರಿಸಿಕೊಂಡ ಸಂಶೋಧನಾ ವಿಷಯ ಶುದ್ಧ ಗಣಿತದ್ದು: ವೃತ್ತವೊಂದರೊಳಗಿನ ಸಂಕೀರ್ಣ ಫಲನವು ಅಂಚಿನತ್ತ ಹೋಗುವ ದಾರಿಗಳಲ್ಲಿ ಯಾವ ಯಾವ ಬೆಲೆಗಳನ್ನು ಸಮೀಪಿಸುತ್ತದೆ, ಆ ಬೆಲೆಗಳ ಗಣ ಎಂಥದ್ದಾಗಿರಬಲ್ಲದು? ಆಟಕ್ಕೆ ಇದರಿಂದ ಎಳ್ಳಷ್ಟೂ ಪ್ರಯೋಜನವಿರಲಿಲ್ಲ. ಅವರ ಗಣಿತಪ್ರೀತಿ ಎಷ್ಟು ನಿಜವಾದದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

1962ರಲ್ಲಿ ಅವರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಬಂದರು. 1964ರ ಡಿಸೆಂಬರ್ 27ರಂದು ಆ ತಂಡ ಬಾಲ್ಟಿಮೋರ್ ಕೋಲ್ಟ್ಸ್ ಎದುರು ಪ್ರಶಸ್ತಿ ಪಂದ್ಯವಾಡಿತು. ಗೆಲುವು ಹೆಸರಾಂತ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ ಇದ್ದ ಕೋಲ್ಟ್ಸ್‌ನದೇ ಎಂದು ಬಹುಮಂದಿ ನಂಬಿದ್ದರು. ಅರ್ಧ ಆಟ ಮುಗಿದಾಗ ಯಾರಿಗೂ ಅಂಕವಿಲ್ಲ. ಆಮೇಲೆ ರಯಾನ್ ಎಸೆದ ಮೂರು ಚೆಂಡುಗಳನ್ನು ಗ್ಯಾರಿ ಕಾಲಿನ್ಸ್ ಹಿಡಿದು ಅಂತಿಮ ವಲಯಕ್ಕೆ ಮುಟ್ಟಿಸಿದರು; ಇಂಥ ಎಸೆತವೇ ಟಚ್‌ಡೌನ್ ಪಾಸ್. ಬ್ರೌನ್ಸ್ 27-0ಯಿಂದ ಗೆದ್ದಿತು. ಮರುವರ್ಷ ರಯಾನ್‌ಗೆ ಡಾಕ್ಟರೇಟ್ ಬಂತು. 1966ರಲ್ಲಿ ಅವರ ಟಚ್‌ಡೌನ್ ಪಾಸ್‌ಗಳು 29, ಲೀಗ್‌ನಲ್ಲೇ ಹೆಚ್ಚು. ಅದೇ ವರ್ಷ ಅವರ ಎರಡು ಸಂಶೋಧನಾ ಲೇಖನಗಳೂ ಅಚ್ಚಾದವು.

ಆಡುತ್ತಿದ್ದಾಗಲೇ ಅವರು ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ವಾಷಿಂಗ್ಟನ್ ತಂಡದಲ್ಲಿ ಎರಡು ವರ್ಷವಿದ್ದು ಆಟ ಬಿಟ್ಟ ಮೇಲೆ ಅಮೆರಿಕದ ಪ್ರತಿನಿಧಿ ಸಭೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದರು. ಸದಸ್ಯರ ಹೆಸರು ಕೂಗಿ ಮತ ಎಣಿಸುವ ಹಳೆಯ ಪದ್ಧತಿಯ ಬದಲಿಗೆ 1973ರಲ್ಲಿ ಎಲೆಕ್ಟ್ರಾನಿಕ್ ಮತದಾನ ಜಾರಿಗೆ ಬಂದದ್ದು ಅವರ ಅವಧಿಯಲ್ಲೇ. 1977ರಿಂದ ಹತ್ತು ವರ್ಷ ಯೇಲ್ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಾಗಿದ್ದು, ಅಲ್ಲಿಯೂ ಗಣಿತ ಕಲಿಸಿದರು. 2024ರ ಜನವರಿ 1ರಂದು ತೀರಿಕೊಂಡರು.

ಅವರ ಹಾದಿಯನ್ನು ಮುಂದೆ ಹಿಡಿದವರು ಬಾಲ್ಟಿಮೋರ್ ರೇವನ್ಸ್‌ನ ಜಾನ್ ಅರ್ಶೆಲ್. ಆ ಹೊತ್ತಿಗೆ ಆಟ ವರ್ಷದ ಬಹುಭಾಗವನ್ನು ಬೇಡುವಂತಾಗಿತ್ತು. ಎಂಐಟಿ ವಿದ್ಯಾಸಂಸ್ಥೆಯಲ್ಲಿ ಗಣಿತ ಸಂಶೋಧನೆ ನಡೆಸುತ್ತಿದ್ದ ಅರ್ಶೆಲ್ 2017ರಲ್ಲಿ, 26ನೆಯ ವಯಸ್ಸಿಗೆ, ಫುಟ್‌ಬಾಲ್ ಬಿಟ್ಟರು. 2021ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಅದೇ ಸಂಸ್ಥೆಯಲ್ಲಿ ಗಣಿತದ ಪ್ರಾಧ್ಯಾಪಕರಾದರು.